ಪ್ರಾಣವಾಯುವೂ ಮಂಡಿಯ ನೋವೂ

ಅರುವತ್ತು ದಾಟಿದ ಹಿರಿಯರಿರುವ ಮನೆಗಳಲ್ಲಿ ದಿನವೂ ಕಾಣಸಿಗುವ ನೋಟವೊಂದುಂಟು. ನೆಲದ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ, ಏಳಬೇಕಾದಾಗ ಒಂದು ಕೈಯನ್ನು ಗೋಡೆಗೂ ಇನ್ನೊಂದು ಕೈಯನ್ನು ಮಂಡಿಗೂ ಊರಿ, ದೇವರ ಹೆಸರು ಹೇಳಿಕೊಂಡು ಮೆಲ್ಲಗೆ ಏಳುತ್ತಾರೆ. ಎದ್ದು ನಿಂತ ಮೇಲೂ ಮೊದಲ ನಾಲ್ಕು ಹೆಜ್ಜೆ ಕಷ್ಟ. ಆಮೇಲೆ ಕಾಲು ತುಸು ಸಡಿಲವಾಗುತ್ತದೆ. "ವಯಸ್ಸಾಯಿತಲ್ಲ, ಮೂಳೆ ಸವೆದಿದೆ" ಎಂದು ಹೇಳಿ ನಾವೆಲ್ಲ ಸುಮ್ಮನಾಗುತ್ತೇವೆ.

ನಮ್ಮ ಮನೆಯ ಕಥೆಯೂ ಇದೇ. ಹೋದ ವರ್ಷ ನಂಟರೊಬ್ಬರು ಪಟ್ಟಣದಿಂದ ಬರುವಾಗ ನಮ್ಮಜ್ಜಿಗೆಂದು ಒಂದು ಸೀಸೆ ಗುಳಿಗೆ ತಂದುಕೊಟ್ಟರು. ಅದರ ಮೇಲೆ 'ಆಂಟಿಆಕ್ಸಿಡೆಂಟ್' ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಬೆಲೆಯು ಅಜ್ಜಿಯ ಒಂದು ತಿಂಗಳ ಪಿಂಚಣಿಯನ್ನು ಮೀರಿತ್ತು. "ಕಾಲೇಜಿನಲ್ಲಿ ಓದುತ್ತೀಯಲ್ಲಪ್ಪ, ಇದು ಏನು ಮಾಡುತ್ತದೆ, ನೋಡಿ ಹೇಳು" ಎಂದು ಅವರು ಕೇಳಿದಾಗ, ಇತಿಹಾಸ ಅರ್ಥಶಾಸ್ತ್ರಗಳನ್ನು ಓದುವ ನನಗೆ ಉತ್ತರ ಹೊಳೆಯಲಿಲ್ಲ. ಅದೇ ದಿನಗಳಲ್ಲಿ ಅಜ್ಜಿ ದೇವಸ್ಥಾನಕ್ಕೆ ನಡೆದು ಹೋಗುವುದನ್ನೂ ನಿಲ್ಲಿಸಿದ್ದರು. ಸವೆದ ಮಂಡಿಯನ್ನು ಇನ್ನಷ್ಟು ಸವೆಸಬಾರದೆಂಬುದು ಅವರ ಲೆಕ್ಕ. ಗುಳಿಗೆಯ ಮೇಲಣ ನಂಬಿಕೆ, ನಡಿಗೆಯ ಮೇಲಣ ಭಯ, ಇವೆರಡೂ ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಿಳಿಯಬೇಕೆಂದು ನಾನು ಓದಿದ ಕೆಲವು ವಿಷಯಗಳನ್ನು, ವಿಜ್ಞಾನ ಬಲ್ಲವರ ಕ್ಷಮೆ ಕೋರಿ, ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ರೋಗದ ಸ್ವರೂಪ

ಮಂಡಿನೋವಿಗೆ ಕಾರಣಗಳು ಹಲವಾರು. ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಸೇರಿಕೊಳ್ಳುವುದರಿಂದ ಬರತಕ್ಕ ಗೌಟ್ ಬೇರೆ. ದೇಹದ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವುದರಿಂದ ಬರುವ ರುಮಟಾಯ್ಡ್ ಸಂಧಿವಾತ ಬೇರೆ. ನಾವು ಇಲ್ಲಿ ವಿಚಾರಿಸುವುದು ಆಸ್ಟಿಯೊಆರ್ಥ್ರೈಟಿಸ್ ಎಂಬುದನ್ನು. ಕನ್ನಡದಲ್ಲಿ ಇದನ್ನು ಅಸ್ಥಿಸಂಧಿವಾತವೆಂದು ಕರೆಯುವರು. ಎಲ್ಲ ಬಗೆಯ ಕೀಲುರೋಗಗಳಲ್ಲಿ ಇದೇ ಹೆಚ್ಚು ವ್ಯಾಪಕವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಪ್ರಪಂಚದಲ್ಲಿ ಸುಮಾರು 52.8 ಕೋಟಿ ಜನರಿಗೆ ಈ ರೋಗವಿತ್ತು. ಅವರಲ್ಲಿ ನೂರಕ್ಕೆ 73 ಮಂದಿ 55 ವರ್ಷ ದಾಟಿದವರು. ನೂರಕ್ಕೆ 60 ಮಂದಿ ಸ್ತ್ರೀಯರು. ಕೀಲುಗಳ ಪೈಕಿ ಹೆಚ್ಚು ತೊಂದರೆಗೆ ಒಳಗಾಗುವುದು ಮಂಡಿಯೇ.

ಈ ರೋಗವನ್ನು ತಿಳಿಯಬೇಕಾದರೆ ಮೊದಲು ಕೀಲಿನ ರಚನೆಯನ್ನು ತಿಳಿಯಬೇಕು. ಮಂಡಿಯಲ್ಲಿ ತೊಡೆಯ ಮೂಳೆಯೂ ಅದರ ಕೆಳಗಿನ ಕಾಲಿನ ಮೂಳೆಯೂ ಕೂಡುತ್ತವೆ ಸರಿಯಷ್ಟೆ. ಆದರೆ ಮೂಳೆಗೆ ಮೂಳೆ ನೇರವಾಗಿ ತಾಗುವುದಿಲ್ಲ. ಎರಡರ ತುದಿಗೂ ಮೃದ್ವಸ್ಥಿಯ ಹೊದಿಕೆಯಿದೆ. ನೋಡಲು ಅದು ಬಲಿತ ಎಳನೀರಿನ ತಿರುಳಿನಂತೆ ಬೆಳ್ಳಗೆ, ನುಣ್ಣಗೆ ಇರುತ್ತದೆ. ಆದರೆ ಅದಕ್ಕಿಂತ ಬಹಳ ಗಟ್ಟಿ. ಅದರ ತೂಕದಲ್ಲಿ ನೂರಕ್ಕೆ 65ರಿಂದ 80 ಪಾಲು ನೀರು. ಕೊಲ್ಯಾಜೆನ್ ಎಂಬ ಎಳೆಗಳ ಬಲೆ, ಆ ಬಲೆಯೊಳಗೆ ನೀರನ್ನು ಹಿಡಿದಿಡುವ ದೊಡ್ಡ ಅಣುಗಳು, ಅಲ್ಲಲ್ಲಿ ಒಂಟಿಯಾಗಿ ಕುಳಿತಿರುವ ಕೆಲವೇ ಜೀವಕೋಶಗಳು, ಇಷ್ಟೇ ಅದರ ಸಂಸಾರ. ಈ ಜೀವಕೋಶಗಳೇ ಹಳೆಯದನ್ನು ಕಳೆದು ಹೊಸದನ್ನು ಕಟ್ಟುತ್ತ ಮೃದ್ವಸ್ಥಿಯನ್ನು ಕಾಪಾಡತಕ್ಕವು.

ಇಲ್ಲಿ ಎರಡು ವಿಶೇಷಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಮೃದ್ವಸ್ಥಿಯಲ್ಲಿ ನರಗಳಿಲ್ಲ. ಆದುದರಿಂದ ಅದು ಹಾಳಾಗಲಾರಂಭಿಸಿದಾಗ ನಮಗೆ ಸುಳಿವೇ ಸಿಗುವುದಿಲ್ಲ. ಸುತ್ತಲಿನ ಪೊರೆ, ಮೂಳೆಗಳು ಕೆರಳಿದ ಮೇಲೆ ನೋವು ತಿಳಿಯುತ್ತದೆ. ಎರಡನೆಯದಾಗಿ, ಅದರಲ್ಲಿ ರಕ್ತನಾಳಗಳೂ ಇಲ್ಲ. ಹಾಗಾದರೆ ಅದರ ಕೋಶಗಳಿಗೆ ಆಹಾರ ಬರುವುದೆಲ್ಲಿಂದ? ಕೀಲಿನೊಳಗೆ ಬೆಂಡೆಕಾಯಿಯ ಲೋಳೆಯಂತಹ ಒಂದು ರಸವಿದೆ. ಅದಕ್ಕೆ ಸಂಧಿದ್ರವವೆಂದು ಹೆಸರು. ಮುಖ್ಯವಾಗಿ ಆಹಾರವು ಬರುವುದು ಅಲ್ಲಿಂದಲೇ. ನಾವು ಹೆಜ್ಜೆಯಿಟ್ಟಾಗ ಮೃದ್ವಸ್ಥಿಯು ಅದುಮಿ, ಒದ್ದೆ ಬಟ್ಟೆಯನ್ನು ಹಿಂಡಿದಂತೆ ಸ್ವಲ್ಪ ದ್ರವವನ್ನು ಹೊರಕ್ಕೆ ಬಿಡುತ್ತದೆ. ಹೆಜ್ಜೆಯೆತ್ತಿದಾಗ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಕೀಲು ಆಡಿದರೆ ಅದಕ್ಕೆ ಊಟ ಸಲೀಸಾಗಿ ಸಿಗುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಲೇಖನದ ಕೊನೆಯಲ್ಲಿ ಇದರ ಪ್ರಯೋಜನವಿದೆ.

ಪ್ರಾಣವಾಯುವಿನ ಎರಡು ಮುಖ

ಈಗ ಸೀಸೆಯ ಮೇಲಿದ್ದ ಆ ದಪ್ಪ ಅಕ್ಷರಗಳ ವಿಷಯಕ್ಕೆ ಬರೋಣ. ಪ್ರಾಣವಾಯು, ಎಂದರೆ ಆಮ್ಲಜನಕ, ನಮಗೆ ಜೀವಾಧಾರವೆಂದು ಎಲ್ಲರೂ ಬಲ್ಲರು. ಆದರೆ ಅದೇ ಆಮ್ಲಜನಕವು ಪದಾರ್ಥಗಳನ್ನು ಕೆಡಿಸುವುದನ್ನೂ ನಾವು ದಿನಂಪ್ರತಿ ನೋಡುತ್ತೇವೆ. ಹೊರಗೆ ಬಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಹಳೆಯ ಕಡಲೆಕಾಯೆಣ್ಣೆ ಕಮಟಾಗುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುತ್ತದೆಂದು ತಾಯಂದಿರು ಅದನ್ನು ನೀರಿನಲ್ಲಿ ಹಾಕಿಡುತ್ತಾರೆ. ಗಾಳಿ ತಾಗದಿರಲೆಂಬುದೇ ಅದರ ಉದ್ದೇಶ. ಈ ಬಗೆಯ ರಾಸಾಯನಿಕ ಕ್ರಿಯೆಗೆ ಉತ್ಕರ್ಷಣವೆಂದು ಹೆಸರು. ಅದನ್ನು ತಡೆಯುವ ವಸ್ತುವೇ ಉತ್ಕರ್ಷಣ ನಿರೋಧಕ, ಅಥವಾ ಆಂಟಿಆಕ್ಸಿಡೆಂಟ್.

ದೇಹದೊಳಗೂ ಈ ಕ್ರಿಯೆ ನಡೆಯುತ್ತದೆ. ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಜೋಡಿಯಾಗಿ ಇರುತ್ತವೆ. ಒಂಟಿ ಎಲೆಕ್ಟ್ರಾನುಳ್ಳ ಅಣುವಿಗೆ ಫ್ರೀ ರ‍್ಯಾಡಿಕಲ್ ಎಂದು ಹೆಸರು. ಅಂತಹುದೊಂದು ವಸ್ತುವನ್ನು 1900ರಲ್ಲಿ ಮೊದಲು ತೋರಿಸಿಕೊಟ್ಟವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮೋಸೆಸ್ ಗೊಂಬರ್ಗ್. ಈ ಒಂಟಿ ಎಲೆಕ್ಟ್ರಾನು ಬಹುಮಟ್ಟಿಗೆ ಸುಮ್ಮನಿರುವುದಿಲ್ಲ. ನೆರೆಯ ಅಣುವಿನಿಂದ ಇನ್ನೊಂದನ್ನು ಕಿತ್ತುಕೊಳ್ಳಲು ಹವಣಿಸುತ್ತದೆ. ಕಳೆದುಕೊಂಡ ಅಣು ತನ್ನ ನೆರೆಯದರ ಮೇಲೆ ಬೀಳುತ್ತದೆ. ಹೀಗೆ ಒಂದು ಸರಪಳಿಯೇ ಬೆಳೆಯುತ್ತದೆ. ನಾವು ಉಸಿರಾಡಿದ ಆಮ್ಲಜನಕದಿಂದ ಜೀವಕೋಶಗಳು ಶಕ್ತಿಯನ್ನು ಪಡೆಯುವಾಗ, ಅದರ ಅಲ್ಪ ಭಾಗವು ಸೂಪರಾಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್ ಆಗಿ ಮಾರ್ಪಡುತ್ತದೆ.

ಈ ತಿಳಿವಳಿಕೆ ಬೆಳೆದು ಬಂದ ಬಗೆ ಸ್ವಾರಸ್ಯವಾಗಿದೆ. ಅತಿಯಾದ ಆಮ್ಲಜನಕದ ವಿಷವೂ ಎಕ್ಸ್‌ಕಿರಣದ ಹಾನಿಯೂ ಒಂದೇ ದಾರಿಯಲ್ಲಿ ಬರುತ್ತವೆಂದು 1954ರಲ್ಲಿ ರೆಬೆಕಾ ಗೆರ್ಷ್‌ಮನ್ ಮತ್ತು ಅವರ ಸಂಗಡಿಗರು ಸೂಚಿಸಿದರು. ಎರಡು ವರ್ಷಗಳ ತರುವಾಯ, 1956ರಲ್ಲಿ, ಮುಪ್ಪಿಗೇ ಈ ರ‍್ಯಾಡಿಕಲ್‌ಗಳು ಕಾರಣವಿರಬಹುದೆಂದು ಡೆನ್ಹಮ್ ಹಾರ್ಮನ್ ವಾದಿಸಿದರು. ಬದುಕಿರುವ ದೇಹದಲ್ಲಿ ಇಂತಹ ಅಣುಗಳು ಇರುತ್ತವೆಯೇ ಎಂದು ಸಂಶಯಪಟ್ಟವರು ಆಗ ಬಹು ಮಂದಿ. ಇದಕ್ಕೂ ಮುಂಚೆ, 1938ರಲ್ಲಿ, ಕೇಂಬ್ರಿಜ್‌ನಲ್ಲಿ ಮನ್ ಮತ್ತು ಕೀಲಿನ್ ಎಂಬ ಇಬ್ಬರು ಎತ್ತಿನ ರಕ್ತದಿಂದ ತಾಮ್ರವುಳ್ಳ ಒಂದು ಪ್ರೋಟೀನನ್ನು ಬೇರ್ಪಡಿಸಿದ್ದರು. ಅದರ ಕೆಲಸವೇನೆಂದು ಮೂವತ್ತು ವರ್ಷ ಯಾರಿಗೂ ತಿಳಿಯಲಿಲ್ಲ. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಇರ್ವಿನ್ ಫ್ರಿಡೊವಿಚ್ ಮತ್ತು ಅವರ ಸಂಶೋಧನ ವಿದ್ಯಾರ್ಥಿ ಜೋ ಮೆಕಾರ್ಡ್ ಇಬ್ಬರೂ ಸೇರಿ, ಆ ಪ್ರೋಟೀನು ಸೂಪರಾಕ್ಸೈಡನ್ನು ಅಡಗಿಸುವ ಒಂದು ಕಿಣ್ವವೆಂದು ತೋರಿಸಿಕೊಟ್ಟರು. ಅದಕ್ಕೆ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಹೆಸರು ಬಂತು. ದೇಹವು ಒಂದು ಕಾವಲುಗಾರನನ್ನು ಇಟ್ಟುಕೊಂಡಿದೆ ಎಂದಮೇಲೆ ಕಳ್ಳನೂ ಇರಲೇಬೇಕಷ್ಟೆ.

ಆದರೆ ಈ ಅಣುಗಳನ್ನು ಕೇವಲ ಕಳ್ಳರೆಂದು ತಿಳಿಯುವುದೂ ತಪ್ಪು. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೆ ಇವನ್ನೇ ಆಯುಧವಾಗಿ ಬಳಸುತ್ತವೆ. ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದಕ್ಕೂ ಇವು ಅಲ್ಪ ಪ್ರಮಾಣದಲ್ಲಿ ಬೇಕು. ಒಲೆಯಲ್ಲಿರುವ ಬೆಂಕಿ ಅಡಿಗೆಗೆ ಬೇಕು. ಅದು ಸೂರಿಗೆ ಹತ್ತಬಾರದು, ಅಷ್ಟೆ. ಹುಟ್ಟುವ ಉತ್ಕರ್ಷಕಗಳಿಗೂ ಅವನ್ನು ಅಡಗಿಸುವ ನಿರೋಧಕಗಳಿಗೂ ಇರುವ ಸಮತೂಕ ತಪ್ಪಿ, ಮೊದಲನೆಯದರ ಕೈ ಮೇಲಾದ ಸ್ಥಿತಿಗೆ ಉತ್ಕರ್ಷಣದ ಒತ್ತಡ ಎಂಬ ಅರ್ಥದ ಹೆಸರನ್ನು 1985ರಲ್ಲಿ ಜರ್ಮನಿಯ ಹೆಲ್ಮುಟ್ ಸೀಸ್ ಬಳಕೆಗೆ ತಂದರು.

ಕೀಲಿನೊಳಗೆ ಆಗುವುದೇನು?

ಇದಕ್ಕೂ ಮಂಡಿಗೂ ಏನು ಸಂಬಂಧ? ಮೇಲೆ ಹೇಳಿದ ಮೆಕಾರ್ಡ್ ಅವರೇ 1974ರಲ್ಲಿ ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ದನದ ಕೀಲಿನ ಸಂಧಿದ್ರವವನ್ನು ತೆಗೆದುಕೊಂಡು ಅದರಲ್ಲಿ ಸೂಪರಾಕ್ಸೈಡ್ ಹುಟ್ಟುವಂತೆ ಮಾಡಿದಾಗ, ಅದರ ಲೋಳೆತನ ಹೋಗಿ ದ್ರವವು ತೆಳ್ಳಗಾಯಿತು. ಲೋಳೆತನಕ್ಕೆ ಕಾರಣವಾದ ಹಯಲುರೊನಿಕ್ ಆಮ್ಲದ ಉದ್ದನೆಯ ಅಣುಗಳು ತುಂಡಾಗಿದ್ದವು. ಆ ಕಾವಲುಗಾರ ಕಿಣ್ವವನ್ನು ಮೊದಲೇ ಸೇರಿಸಿದ್ದಾಗ ದ್ರವವು ಹಾಗೆ ಕೆಡದೆ ಉಳಿಯಿತು. ಕೀಲಿನ ಎಣ್ಣೆಯನ್ನೇ ಉತ್ಕರ್ಷಣವು ಕೆಡಿಸಬಲ್ಲದೆಂದು ಇದರಿಂದ ಸ್ಪಷ್ಟವಾಯಿತು.

ಮೃದ್ವಸ್ಥಿಯ ಕೋಶಗಳ ವಿಚಾರವೂ ಹೀಗೆಯೇ. ಅವು ಅಲ್ಪ ಆಮ್ಲಜನಕದಲ್ಲಿ ಬದುಕಲು ಒಗ್ಗಿಕೊಂಡವು. ಹಳೆಯ ಪೆಟ್ಟು, ಮಿತಿಮೀರಿದ ಹೊರೆ, ಕೀಲಿನ ಉರಿಯೂತ, ಮುಪ್ಪು ಇವುಗಳಿಂದ ಅವುಗಳಲ್ಲಿ ಉತ್ಕರ್ಷಕಗಳ ಉತ್ಪತ್ತಿ ಹೆಚ್ಚುತ್ತದೆ. ಆಗ ಅವು ಕಟ್ಟುವ ಕೆಲಸವನ್ನು ಕಡಿಮೆಮಾಡಿ, ಕೆಡವುವ ಕಿಣ್ವಗಳನ್ನು ಹೆಚ್ಚಾಗಿ ಸುರಿಸುತ್ತವೆ. ಕೊಲ್ಯಾಜೆನ್ನಿನ ಬಲೆ ಹರಿಯುತ್ತದೆ. ಒಡೆದ ಚೂರುಗಳು ಸುತ್ತಲಿನ ಪೊರೆಯನ್ನು ಕೆರಳಿಸುತ್ತವೆ. ಕೆರಳಿದ ಪೊರೆಯಿಂದ ಇನ್ನಷ್ಟು ಉತ್ಕರ್ಷಕಗಳು ಹುಟ್ಟುತ್ತವೆ. ಗಾಣದೆತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ. ರೋಗಿಗಳ ಮೃದ್ವಸ್ಥಿಯನ್ನು ಪರೀಕ್ಷಿಸಿದಾಗ, ಕೋಶಗಳ ಹೊರಗೆ ಇರಬೇಕಾದ ಕಾವಲುಗಾರ ಕಿಣ್ವವು ಆರೋಗ್ಯವಂತರಲ್ಲಿರುವುದಕ್ಕಿಂತ ಕಡಿಮೆಯಾಗಿರುವುದೂ ಕಂಡುಬಂದಿದೆ. ಹಾಗಾಗಿ ಈ ರೋಗವು ಚಪ್ಪಲಿಯ ಅಟ್ಟೆ ಸವೆದಂತೆ ಬರಿಯ ಸವೆತವಲ್ಲ. ಕಟ್ಟುವುದಕ್ಕೂ ಕೆಡವುವುದಕ್ಕೂ ಇರುವ ಸಮತೂಕ ತಪ್ಪಿದ ಜೀವಂತ ಅಂಗವೊಂದರ ರೋಗವಿದು.

ಆದರೂ ಒಂದು ಎಚ್ಚರಿಕೆ ಬೇಕು. ರೋಗವಿದ್ದಲ್ಲಿ ಉತ್ಕರ್ಷಣವಿದೆ ಎಂಬುದು ನಿಜ. ಉತ್ಕರ್ಷಣವೇ ರೋಗವನ್ನು ತಂದಿತೆಂದಾಗಲಿ, ಅದನ್ನು ತಡೆದರೆ ರೋಗ ನಿಲ್ಲುವುದೆಂದಾಗಲಿ ಇಷ್ಟರಿಂದಲೇ ಸಿದ್ಧವಾಗುವುದಿಲ್ಲ. ಬೆಂಕಿ ಬಿದ್ದಲ್ಲೆಲ್ಲ ಹೊಗೆಯಿರುತ್ತದೆ. ಹೊಗೆಯನ್ನು ಬೀಸಿ ಓಡಿಸಿದರೆ ಬೆಂಕಿ ಆರುವುದಿಲ್ಲ.

ಗುಳಿಗೆಗಳ ಪರೀಕ್ಷೆ

ಅಜ್ಜಿಯ ಸೀಸೆಯಲ್ಲಿದ್ದುದು ಮುಖ್ಯವಾಗಿ ಸಿ ಮತ್ತು ಇ ಜೀವಸತ್ವಗಳು. ಇವೆರಡೂ ಒಳ್ಳೆಯ ಉತ್ಕರ್ಷಣ ನಿರೋಧಕಗಳೆಂಬುದರಲ್ಲಿ ಸಂದೇಹವಿಲ್ಲ. ಸಿ ಜೀವಸತ್ವವಂತೂ ಕೊಲ್ಯಾಜೆನ್ ಕಟ್ಟುವುದಕ್ಕೇ ಬೇಕು. 1996ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರ ಅಧ್ಯಯನವೊಂದು ಆಸೆ ಹುಟ್ಟಿಸಿತು. ಆಹಾರದ ಮೂಲಕ ಸಿ ಜೀವಸತ್ವವನ್ನು ಹೆಚ್ಚಾಗಿ ಪಡೆಯುವವರಲ್ಲಿ, ಈಗಾಗಲೇ ಇದ್ದ ಮಂಡಿರೋಗ ಬೆಳೆಯುವ ಸಂಭವವು ಕಡಿಮೆ ತಿನ್ನುವವರಿಗಿಂತ ಮೂರರಲ್ಲೊಂದು ಪಾಲು ಮಾತ್ರ ಇತ್ತು. ಆದರೆ ರೋಗ ಹೊಸದಾಗಿ ಬರುವುದನ್ನು ಅದು ತಡೆದುದು ಕಾಣಲಿಲ್ಲ. ಅಲ್ಲದೆ, ಹಣ್ಣು ತರಕಾರಿಗಳನ್ನು ಹೆಚ್ಚಾಗಿ ತಿನ್ನುವವರು ಬೇರೆ ರೀತಿಯಲ್ಲಿಯೂ ಆರೋಗ್ಯವಾಗಿ ಬಾಳುವವರಿರಬಹುದು. ಒಳ್ಳೆಯದನ್ನು ಮಾಡಿದ್ದು ಹಣ್ಣೋ, ಅವರ ಬಾಳ್ವೆಯೋ ಹೇಳುವುದು ಕಷ್ಟ.

ಇಂತಹ ಸಂಶಯವನ್ನು ತೀರಿಸಲು ವೈದ್ಯರು ಒಂದು ಕ್ರಮವನ್ನು ಕಂಡುಕೊಂಡಿದ್ದಾರೆ. ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಗುಳಿಗೆ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಗುಳಿಗೆ ಕೊಡುವುದು. ಯಾರಿಗೆ ಯಾವುದು ಸಿಕ್ಕಿತೆಂಬುದು ಕೊಡುವವರಿಗೂ ಗೊತ್ತಿರುವುದಿಲ್ಲ, ನುಂಗುವವರಿಗೂ ಗೊತ್ತಿರುವುದಿಲ್ಲ. ಆಸ್ಟ್ರೇಲಿಯದಲ್ಲಿ ಇ ಜೀವಸತ್ವವನ್ನು ಹೀಗೆ ಪರೀಕ್ಷಿಸಿದರು. 2001ರಲ್ಲಿ ಪ್ರಕಟವಾದ ಆರು ತಿಂಗಳ ಪರೀಕ್ಷೆಯಲ್ಲಿ ನೋವು ಹುಸಿ ಗುಳಿಗೆಗಿಂತ ಹೆಚ್ಚಾಗಿ ತಗ್ಗಲಿಲ್ಲ. 2002ರಲ್ಲಿ ಪ್ರಕಟವಾದ ಎರಡು ವರ್ಷಗಳ ಪರೀಕ್ಷೆಯಲ್ಲಿ ಮೃದ್ವಸ್ಥಿಯ ನಷ್ಟವೂ ನಿಲ್ಲಲಿಲ್ಲ. 2004ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದವರು ಗಿನಿಯಿಲಿಗಳಿಗೆ ಬಹುಕಾಲ ಸಿ ಜೀವಸತ್ವವನ್ನು ಹೆಚ್ಚಾಗಿ ಕೊಟ್ಟು ನೋಡಿದಾಗ, ಅವುಗಳ ಮಂಡಿರೋಗ ಕಡಿಮೆಯಾಗುವ ಬದಲು ಹೆಚ್ಚಿತು.

ಒಳಿತಾಗದಿದ್ದರೂ ಕೆಡುಕಿಲ್ಲವಲ್ಲ ಎಂದು ಕೇಳುವವರುಂಟು. ಆ ಮಾತೂ ಪೂರ್ತಿ ಸರಿಯಲ್ಲ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಮಿಕ್ಕ ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೀಟಾ ಕೆರೊಟಿನ್ ಎಂಬ ನಿರೋಧಕವನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ನೂರಕ್ಕೆ 18ರಷ್ಟು ಹೆಚ್ಚಾಗಿ ಕಂಡಿತು. ಅಮೆರಿಕ ಮೊದಲಾದೆಡೆ ನಡೆದ ಇನ್ನೊಂದು ದೊಡ್ಡ ಪರೀಕ್ಷೆಯ 2011ರ ವರದಿಯಂತೆ, ಇ ಜೀವಸತ್ವವನ್ನು ದಿನವೂ 400 ಯೂನಿಟ್ಟಿನಂತೆ ನುಂಗಿದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ನೂರಕ್ಕೆ 17ರಷ್ಟು ಹೆಚ್ಚಿತ್ತು. ರಕ್ತ ಹೆಪ್ಪುಗಟ್ಟದಿರಲೆಂದು ಔಷಧ ತೆಗೆದುಕೊಳ್ಳುವವರು ಇ ಜೀವಸತ್ವವನ್ನು ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ರಕ್ತಸ್ರಾವದ ಅಪಾಯವೂ ಉಂಟು.

ನಮ್ಮ ಅಡಿಗೆಮನೆಯ ಅರಿಸಿನದ ವಿಚಾರ ಸ್ವಲ್ಪ ಬೇರೆ. ಅದರ ಸಾರವನ್ನು ಥಾಯ್ಲೆಂಡಿನಲ್ಲಿ ಮಂಡಿರೋಗಿಗಳಿಗೆ ನಾಲ್ಕು ವಾರ ಕೊಟ್ಟು ನೋಡಿ 2014ರಲ್ಲಿ ಪ್ರಕಟಿಸಿದರು. ನೋವು ತಗ್ಗಿಸುವುದರಲ್ಲಿ ಅದು ಐಬುಪ್ರೊಫೇನ್ ಮಾತ್ರೆಗೆ ಸರಿದೂಗಿತು. 2020ರಲ್ಲಿ ಪ್ರಕಟವಾದ ಟಾಸ್ಮೇನಿಯದ ಪರೀಕ್ಷೆಯಲ್ಲಿ 70 ರೋಗಿಗಳಿಗೆ 12 ವಾರ ಕೊಟ್ಟಾಗಲೂ ಹುಸಿ ಗುಳಿಗೆಗಿಂತ ನೋವು ಹೆಚ್ಚು ತಗ್ಗಿತು. ಆದರೆ ಯಂತ್ರದಿಂದ ಕೀಲಿನ ಒಳಗನ್ನು ನೋಡಿದಾಗ ಊತವಾಗಲಿ ಮೃದ್ವಸ್ಥಿಯಾಗಲಿ ಸುಧಾರಿಸಿರಲಿಲ್ಲ. ನೋವಿಗೆ ತುಸು ಉಪಶಮನ, ಅದಕ್ಕೆ ಮೀರಿ ಈಗ ಹೇಳಲಾಗದು. ಇವು ಸಾರ ತೆಗೆದು ಮಾಡಿದ ಔಷಧಗಳೆಂಬುದನ್ನೂ ಮರೆಯಬಾರದು. ಸಾರಿಗೆ ಹಾಕುವ ಚಿಟಿಕೆ ಅರಿಸಿನಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು?

ಉತ್ಕರ್ಷಣ ನಿಜ, ನಿರೋಧಕಗಳೂ ನಿಜ. ಆದರೂ ಗುಳಿಗೆ ಸೋತುದೇಕೆ? ಮೃದ್ವಸ್ಥಿಗೆ ರಕ್ತನಾಳಗಳಿಲ್ಲವಾದುದರಿಂದ ನುಂಗಿದುದು ಬೇಕಾದ ಜಾಗಕ್ಕೆ ಬೇಕಾದಷ್ಟು ತಲುಪದಿರಬಹುದು. ನೋವು ಕಾಣಿಸುವ ಹೊತ್ತಿಗೆ ಹಾನಿ ಬಹಳ ಮುಂದುವರಿದಿರಬಹುದು. ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯವಾದುದು. 2009ರಲ್ಲಿ ಜರ್ಮನಿಯವರು ಪ್ರಕಟಿಸಿದ ಪ್ರಯೋಗದಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ಜೊತೆಯಲ್ಲಿ ಸಿ ಮತ್ತು ಇ ಗುಳಿಗೆ ಕೊಟ್ಟರು. ವ್ಯಾಯಾಮದಿಂದ ದೇಹದ ಸಕ್ಕರೆ ನಿರ್ವಹಣೆ ಸುಧಾರಿಸಿದುದು, ದೇಹದ ಸ್ವಂತ ಕಾವಲುಗಾರ ಕಿಣ್ವಗಳು ಹೆಚ್ಚಿದುದು ಗುಳಿಗೆ ನುಂಗದವರಲ್ಲಿ. ವ್ಯಾಯಾಮದಲ್ಲಿ ಹುಟ್ಟುವ ಅಲ್ಪ ಉತ್ಕರ್ಷಕಗಳೇ ದೇಹವನ್ನು ಎಚ್ಚರಿಸುವ ಕರೆಗಂಟೆ; ಗುಳಿಗೆಯು ಆ ಗಂಟೆಯ ದನಿಯನ್ನೇ ಅಡಗಿಸಿತು.

ಮಂಡಿಯ ರೋಗಕ್ಕೆ ಇಂದು ವೈದ್ಯಶಾಸ್ತ್ರವು ಮೊದಲು ಹೇಳುವುದು ವ್ಯಾಯಾಮವನ್ನೇ. ತೂಕ ಹೆಚ್ಚಿದ್ದವರಿಗೆ ತೂಕ ಇಳಿಸುವುದನ್ನು. ತೊಡೆಯ ಮುಂಭಾಗದ ಸ್ನಾಯು ಬಲವಾದರೆ ಕೀಲಿಗೆ ಆಸರೆ ಸಿಗುತ್ತದೆ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರಮಾಡಿ ಎಣಿಕೆಯಿಟ್ಟು ಹಿಡಿದು ಇಳಿಸುವಂತಹ ಸರಳ ಅಭ್ಯಾಸವೂ ಸಾಕು. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಂತೆ, ಒಂದು ಕಿಲೋ ತೂಕ ಇಳಿದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಮಂಡಿಯ ಮೇಲಣ ಹೊರೆ ನಾಲ್ಕು ಕಿಲೋ ಇಳಿಯುತ್ತದೆ. ಫ್ರೇಮಿಂಗ್‌ಹ್ಯಾಮಿನ 1992ರ ವರದಿಯಲ್ಲಿ, ಹತ್ತು ವರ್ಷಗಳಲ್ಲಿ ಸುಮಾರು 5 ಕಿಲೋ ತೂಕ ಇಳಿದ ಸ್ತ್ರೀಯರಿಗೆ ನೋವುಳ್ಳ ಮಂಡಿರೋಗ ಬರುವ ಸಂಭವ ಅರ್ಧಕ್ಕಿಂತ ಕೆಳಗಿಳಿದಿತ್ತು. ನೆಲ್ಲಿಕಾಯಿ, ಸೀಬೆಹಣ್ಣು, ನುಗ್ಗೆಸೊಪ್ಪುಗಳನ್ನು ಊಟವಾಗಿ ಧಾರಾಳವಾಗಿ ತಿನ್ನಬಹುದು; ಅವು ಬೆಲೆಯಲ್ಲಿಯೂ ಹಗುರ. ಕೀಲು ಕೆಂಪಾಗಿ ಬಿಸಿಯಾಗಿ ಒಮ್ಮೆಲೇ ಊದಿಕೊಂಡು ಜ್ವರ ಬಂದರೆ ಮಾತ್ರ ಯಾವ ಮನೆಮದ್ದಿಗೂ ಕಾಯದೆ ವೈದ್ಯರ ಬಳಿಗೆ ಹೋಗಬೇಕು.

ಇಷ್ಟನ್ನು ಓದಿಕೊಂಡು ನಾನು ಅಜ್ಜಿಗೆ ಹೇಳಿದೆ. ಮೃದ್ವಸ್ಥಿಯು ಹೆಜ್ಜೆಯಿಟ್ಟಾಗ ಹಿಂಡಿ, ಎತ್ತಿದಾಗ ಹೀರಿಕೊಳ್ಳುವುದನ್ನು ವಿವರಿಸಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಆರು ತಿಂಗಳು ಕೂತು ನಾನೇ ಅದಕ್ಕೆ ಉಪವಾಸ ಹಾಕಿದೆನಲ್ಲಪ್ಪ" ಎಂದರು. ಊರಿನ ವೈದ್ಯರನ್ನು ಕಂಡು ಬಂದೆವು. ಅವರೂ ನಡೆಯಿರೆಂದೇ ಹೇಳಿದರು. ಮೊದಲ ವಾರ ಬೀದಿಯ ಕೊನೆಯವರೆಗೆ, ಆಮೇಲೆ ಅರಳಿಕಟ್ಟೆಯವರೆಗೆ, ಈಗ ಎರಡು ಕಡೆ ಕುಳಿತು ದಣಿವಾರಿಸಿಕೊಂಡು ದೇವಸ್ಥಾನದವರೆಗೆ ಹೋಗಿ ಬರುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಕೆಳಗೆ ಕುಳಿತು ಅಕ್ಕಿ ಆರಿಸುವುದನ್ನು ಬಿಟ್ಟು ಮೇಜಿನ ಮೇಲೆ ಮೊರವಿಟ್ಟುಕೊಂಡಿದ್ದಾರೆ. ಸೀಸೆಯಲ್ಲಿ ಉಳಿದ ಗುಳಿಗೆಗಳನ್ನು ಮುಂದೆ ನುಂಗಲಿಲ್ಲ. ಹೊಸ ಸೀಸೆ ತರಿಸಲೂ ಇಲ್ಲ. ಆ ಪಿಂಚಣಿಯ ಹಣದಲ್ಲಿ ಮೆತ್ತನೆಯ ಅಟ್ಟೆಯ ಒಂದು ಜೊತೆ ಚಪ್ಪಲಿ ಬಂದಿದೆ. ತಮ್ಮ ಮನೆಗಳಲ್ಲಿಯೂ ಇಂತಹ ಹಿರಿಯರಿದ್ದರೆ, ಸಹಪಾಠಿಗಳು ಈ ರಜೆಯಲ್ಲಿ ಅವರೊಡನೆ ನಾಲ್ಕು ಹೆಜ್ಜೆ ನಡೆದು ಬರಬೇಕೆಂದು ನನ್ನ ಬಿನ್ನಹ.